ಬಂಗು

ಮೆಣಸಿನಕಾಯಿ ತೊಟ್ಟು ಬಿಡಿಸೋ ಕೈ
ಮಾರಿಗೆ ಮುಟ್ಟಿಸೂ ಹಂಗಿಲ್ಲ.
ಎಷ್ಟು ತೊಳಕೊಂಡ್ರೂ ಉಗುರಿನ ಸಂದ್ಯಾಗ
ಒಂದು ಉರಿ ಕುಂತಿರತೈತಿ.
ಅದಕ್ಕ ಫಕೀರವ್ವಗ ರಾತ್ರಿ ಟ್ಯೂಬು ಹಚ್ಚಾಕಿ
ಏಳನೇ ಇಯತ್ತೆ ಓದೂ ಮಗಳು, ಗಿರಿಜಾ.

ಟ್ಯೂಬು ಕೊಟ್ಟಾಂವ ನಾನು.
ಬ್ಯಾಡಗಿ ಮಾರ್ಕೆಟ್ ಗೇಟಿನ ಎದುರಿಗೆ ನನ್ನ ಮೆಡಿಕಲ್ಲು.
ಆಕಿ ಎರಡೂ ಗಲ್ಲದ ಮ್ಯಾಲೆ ಬಂಗು,
ಚಹಾ ಚೆಲ್ಲಿ ಒಣಗಿದ ಕಾಗದದಂಗ.
"ಸಾಲಿ ಅಕ್ಕೋರು ಹಚ್ಚತಾರಲ್ರಿ, ಅದಽ ಕೊಡ್ರಿ."
ಚೀಟಿ ಕೇಳಲಿಲ್ಲ ನಾ.
ಮೂರು ಔಷಧ ಒಂದರಾಗ ಕಲಸಿದ್ದು:
ಒಂದು ಬಣ್ಣ ತಡಿಯೂದು, ಒಂದು ಸಿಪ್ಪಿ ಸುಲಿಯೂದು,
ಮೂರನೇದರ ಹೆಸರು
ಗಿರಾಕಿ ಮುಂದ ನಾ ಗಟ್ಟಿಯಾಗಿ ಹೇಳಾಂಗಿಲ್ಲ.

ತಿಂಗಳದಾಗ ಮಾರಿ ತಿಳಿ ಆತು.
ಓಣ್ಯಾಗಿನ ಮಂದಿ ಕೇಳಿದ್ರು, ಆಕಿ ನಕ್ಕಳು,
ಇನ್ನೂ ನಾಕು ಮಂದಿನ್ನ ಕರಕೊಂಡು ಬಂದ್ಲು.
ಆಕಿಗೆ ಎರಡು ರೂಪಾಯಿ ಬಿಟ್ಟು ಕೊಟ್ಟೆ.

ಐದನೇ ಟ್ಯೂಬಿಗೆ ಗಲ್ಲ ಕೆಂಪಾತು,
ಉಳ್ಳಾಗಡ್ಡಿ ಒಳಸಿಪ್ಪಿಯಷ್ಟು ತೆಳು,
ನರ ಎಳಿ ಎಳಿ ಕಾಣಾಕ ಹತ್ತಿದವು.
ಒಲಿ ಮುಂದ ಕುಂದರಾಕ ಆಗವಲ್ದು.
ಹಚ್ಚೂದು ಬಿಟ್ರ ಮೊದಲಿಗಿಂತ ಕರ್ರಗ.
"ಹುಬ್ಬಳ್ಳಿಗೆ ಹೋಗು" ಅಂದೆ, ಆಕಿ ಕಣ್ಣು ನೋಡದಽ.

ದೊಡ್ಡ ದವಾಖಾನಿ, ಕತ್ತಲ ಕೋಣಿ,
ನೀಲಿ ಬೆಳಕಿನಾಗ ಮಾರಿ ಹಿಡದು ನೋಡಿದರಂತ:
ಅರ್ಧ ಮ್ಯಾಲಿನದು, ಅರ್ಧ ಆಳದ್ದು.
ಮ್ಯಾಲಿನದು ಹೋದೀತು, ತಡ ಆಗತೈತಿ.
ಆಳದ್ದರ ಕೂಡ ಬಾಳೇ ಮಾಡಬೇಕು.
ಹಳೇ ಟ್ಯೂಬು ಹೊಳ್ಳಿಸಿ ನೋಡಿ
ಅಂಗಡಿ ಹೆಸರು ಕೇಳಿದರಂತ.
ಆಕಿ ಹೇಳಲಿಲ್ಲಂತ.

ಈಗ ಚೀಟಿ ಹಿಡಕೊಂಡು ನನ್ನ ಹತ್ರಽ ಬಂದಾಳ.
ಬಿಸಲಿಗೆ ಹಚ್ಚೂ ಕ್ರೀಮು, ಮುನ್ನೂರಾ ಎಂಬತ್ತು.
ಮೂರು ತಾಸಿಗೊಮ್ಮೆ. ಬಿಸಲಾಗ ಕೂಡಬಾರದು.
ಗೇಟಿನಾಚೆ ಕೆಂಪು ರಾಶಿ ಕಡೆ ಗದ್ದ ಎತ್ತಿ ಅಂದ್ಲು:
"ಬಿಸಲಿಗೆ ಕಾಯಿ ಬಣ್ಣ ಬಿಡತೈತಿ,
ನನ್ನ ಮಾರಿ ಬಣ್ಣ ಹಿಡಿತೈತಿ.
ಕಾಯಿಗೆ ತಂಪಿನ ಗೋದಾಮು ಕಟ್ಯಾರ್ರೀ ಅಣ್ಣಾರ,
ನಾ ಎಲ್ಲಿ ಕುಂದರ್ಲಿ?"

ರೊಕ್ಕ ಎಣಿಸಿದ್ಲು. ನೋಟಿಗೂ ಘಾಟು.
ನನಗ ಸೀನು ಬಂತು, ಬರೇ ಸೀನು.
"ಹಗಲಿ ಯಾರು ಹಚ್ಚತಾರ? ಗಿರಿಜಾ ಸಾಲ್ಯಾಗಿರತಾಳ"
ಅಂತ ತನಗ ತಾನಽ ಅಂದು
ಕೈ ನೋಡಿಕೊಂಡ್ಲು.

ಆ ಟ್ಯೂಬು ಇನ್ನೂ ಮುಂದಿನ ಗಾಜಿನ ಕಪಾಟಿನಾಗ ಅದಾವು.
ಹಿಂದಕ ಇಡೂಣು ಅಂತ ದಿನಾ ಕದ ತೆಗಿತೀನಿ.
ನಿನ್ನೆ ನಾಕು ಹೋದವು.