ಹದಿನೇಳನೆಯ ಬಿಲ

ಕೊನೆಯ ಒಂದಡಿಯನ್ನು ಯಂತ್ರ ತೋಡುವಂತಿಲ್ಲ,
ಕೈಯಲ್ಲೇ ತೋಡಬೇಕು. ಹಾಗೆಂದು ನಿಯಮ.
ಅದಕ್ಕೇ ವರ್ನೆಲ್ ಟಿಲ್ಮನ್ ಎಂಜಿನ್ ಆರಿಸಿ
ಇಳಿದು ಬಂದು, ಮೊಣಕಾಲೂರಿ,
ಫ್ಲಾರಿಡಾದ ಸಕ್ಕರೆಯಂಥ ಮರಳಿನೊಳಗೆ
ಭುಜದವರೆಗೂ ತೋಳು ಇಳಿಬಿಟ್ಟಿದ್ದಾನೆ,
ಈಯಲಾರದ ಹಸುವಿನ ಹಿಂದೆ ಕೂತವನಂತೆ.

ಮೇಲೆ ನಿಂತ ಮರಿಸೋಲ್ ಕೇಳುತ್ತಾಳೆ: ಸಿಕ್ಕಿತಾ?
ಅವಳ ಕೈಯಲ್ಲೊಂದು ಪಟ್ಟಿ. ಇದು ಹದಿನೇಳನೆಯದು,
ಇನ್ನೂ ನಲವತ್ತೊಂದಿವೆ. ಶುಕ್ರವಾರದೊಳಗೆ ಮುಗಿಯಬೇಕು;
ಸೋಮವಾರ ಬುಲ್ಡೋಜರು.
ಪೈನ್ ಮರಗಳ ಸೊಂಟಕ್ಕೆಲ್ಲ ಗುಲಾಬಿ ರಿಬ್ಬನ್ನು,
ಯಾರದೋ ಹುಟ್ಟುಹಬ್ಬ ಅನ್ನಬೇಕು, ಅಷ್ಟು ಚಂದ.

ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲು
ಅನ್ನುತ್ತೇವಲ್ಲ ನಾವು, ನಿಟ್ಟುಸಿರಿಟ್ಟು,
ಇಲ್ಲಿ ಲೆಕ್ಕ ಬೇರೆ.
ಆಮೆ ತೋಡಿದ ಬಿಲಕ್ಕೆ ಹಾವು ಬಂತು, ಕಪ್ಪೆಯೂ ಬಂತು,
ಒಂದೇ ಬಾಗಿಲು, ಒಂದೇ ಮಧ್ಯಾಹ್ನ;
ಇಲಿ ಬಂತು, ಹೆಸರು ಗೊತ್ತಿಲ್ಲದ ಜೀರುಂಡೆ ಬಂತು.
ಹುಲ್ಲಿಗೆ ಬೆಂಕಿ ಬಿದ್ದ ದಿನ
ಎಲ್ಲವೂ ಕತ್ತಲಲ್ಲಿ ಮೈಗೆ ಮೈ ತಾಗಿಸಿ ಕೂತು
ನೆತ್ತಿಯ ಮೇಲೆ ಅದು ಹಾದುಹೋಗುವ ಸದ್ದು ಕೇಳಿದವು.
ಯಾರೂ ಯಾರನ್ನೂ ತಿನ್ನಲಿಲ್ಲ ಎಂದೇನಲ್ಲ.
ತಿಂದಿರಬಹುದು. ಆಮೆ ಮಾತ್ರ
ಯಾರನ್ನೂ ಬಾಡಿಗೆ ಕೇಳಲಿಲ್ಲ.

ವರ್ನೆಲ್‌ನ ಅಜ್ಜ ಇಂಥವೇ ಮರಗಳ ತೊಗಟೆ ಕೆತ್ತಿ
ಅಂಟು ಇಳಿಸುತ್ತಿದ್ದ. ಕೂಲಿಯೆಲ್ಲ
ಕಂಪನಿ ಅಂಗಡಿಯ ಸಾಲಕ್ಕೇ ಸರಿಹೋಗುತ್ತಿತ್ತು.
ಒಂದು ಚಳಿಗಾಲ, ಒಲೆಯ ಮೇಲೆ ಬರೀ ನೀರು.
ಕೊಕ್ಕೆ ಕಟ್ಟಿದ ಬಳ್ಳಿ ಬಿಟ್ಟು ಆಮೆ ಎಳೆದು ತಂದ.
ಅಜ್ಜಿ ಸಾರು ಮಾಡಿ ಏಳು ಮಕ್ಕಳಿಗೆ ಹಂಚಿದಳು,
ಚಿಪ್ಪಿನಲ್ಲಿ ಕೋಳಿಗಳಿಗೆ ನೀರಿಟ್ಟಳು.
'ತಿಂದದ್ದುಂಟು,' ಅನ್ನುತ್ತಾನೆ ವರ್ನೆಲ್,
'ಬಿಲ ಮುಚ್ಚಿದವರಲ್ಲ.'

ಸಿಕ್ಕಿತು.
ಕಬ್ಬಿಣದ ಬಾಣಲೆಯ ಭಾರ,
ಮುಂಗಾಲೆರಡೂ ಸಲಿಕೆ, ರೆಪ್ಪೆಯಂಚಿನಲ್ಲಿ ಮರಳು.
ಮರಿಸೋಲ್ ತೂಗಿದಳು, ಅಳೆದಳು, ಬರೆದಳು:
ಹೆಣ್ಣು. ಅಂದಾಜು ಅರವತ್ತು.
'ನನ್ನ ವಾರಗೆಯವಳು!' ನಕ್ಕ ವರ್ನೆಲ್.
ಚಿಪ್ಪಿನಂಚಿಗೆ ಗುರುತು ಕೊರೆದು, ಡಬ್ಬದಲ್ಲಿಟ್ಟು,
ಇನ್ನೂರು ಮೈಲಿ ಉತ್ತರಕ್ಕೆ, ಇನ್ಯಾರದೋ ಜಮೀನಿಗೆ.

ಅಲ್ಲಿ ವರ್ಷದ ಮಟ್ಟಿಗೆ ಸುತ್ತ ಬೇಲಿ ಹಾಕಿರುತ್ತಾರೆ,
ಮರೆಯಲಿ ಎಂದು.
ಕಳೆದ ಸಲ ಒಯ್ದದ್ದರಲ್ಲಿ ಒಂದು
ದಕ್ಷಿಣದ ಬೇಲಿಗುಂಟ ನಡೆದೂ ನಡೆದೂ
ನೆಲದಲ್ಲಿ ಕಾಲುವೆ ಬಿದ್ದಿತ್ತಂತೆ.
ವರದಿಯಲ್ಲಿ ಅದಕ್ಕೊಂದು ಪದವಿದೆ. ನನಗೀಗ ನೆನಪಿಲ್ಲ.

ಒಂದು ಮಾತು ವರ್ನೆಲ್ ಮರಿಸೋಲ್‌ಗೆ ಹೇಳಿಲ್ಲ:
ಎರಡನೇ ಸಾಲಿನ ಮೂಲೆಮನೆಗೆ ಮುಂಗಡ ಕೊಟ್ಟವಳು
ಅವನ ಮಗಳು ಲಟ್ರಿಸ್.
ರಾತ್ರಿ ಪಾಳಿಯ ನರ್ಸು, ಮೂರು ಮಕ್ಕಳು,
ಹನ್ನೊಂದು ವರ್ಷದಲ್ಲಿ ಆರು ಬಾಡಿಗೆಮನೆ.
ನಕ್ಷೆ ತೋರಿಸಿ ಹೇಳಿದ್ದಳು:
'ಇಲ್ಲಿ ನಿನಗೊಂದು ಕೋಣೆ, ಅಪ್ಪ. ಕಿಟಕಿಯಿದೆ.'
ಕಿಟಕಿಯಿಂದ ಏನು ಕಾಣುತ್ತದೆಂದು ಅವನು ಕೇಳಲಿಲ್ಲ.

ಸಂಜೆ ಬಿಲ ಮುಚ್ಚುವುದೂ ನಿಯಮವೇ.
ಬಕೆಟ್ಟು ಎತ್ತಿದವನು ತಡೆದ.
ಸಡಿಲ ಮರಳು ಅಲ್ಲಾಡಿತು, ಉಬ್ಬಿತು,
ಮೊದಲು ಎರಡು ಕಣ್ಣು, ಆಮೇಲೆ ಕಪ್ಪೆ.
ಮರಿಸೋಲ್ ಹೊರಟುಹೋಗಿದ್ದಳು.
ಅವಳ ಪಟ್ಟಿಯಲ್ಲಿ ಕಪ್ಪೆಗೆ ಜಾಗವೂ ಇರಲಿಲ್ಲ.

ಊಟದ ಡಬ್ಬಿಗೆ ಒದ್ದೆ ಕರವಸ್ತ್ರ ಹಾಸಿ,
ಪಕ್ಕದ ಸೀಟಿನಲ್ಲಿಟ್ಟು, ಗಾಡಿ ಬಿಟ್ಟ.
ಪೆಟ್ರೋಲ್ ಬಂಕು, ದಾಸ್ತಾನು ಗೋದಾಮು,
ಹುಲ್ಲು ಕತ್ತರಿಸಿದ ಚರ್ಚು, ಕಾರಂಜಿಯ ಕೆರೆ,
ಮತ್ತೆ ಅದೇ ಪೆಟ್ರೋಲ್ ಬಂಕು.
ಡಬ್ಬಿಯೊಳಗೆ ಆಗೊಮ್ಮೆ ಈಗೊಮ್ಮೆ ತಟ್ಟುವ ಸದ್ದು.
ಇಳಿಸುವುದೆಲ್ಲಿ ಎಂದು ತಿಳಿಯದೆ
ಅದೇ ತಿರುವನ್ನು
ಮೂರನೇ ಸಲ ದಾಟಿದ.