ಎದೆಯಿಂದ ಮೇಲೆ

ಬೆಳಗ್ಗೆ ಒಂಬತ್ತಕ್ಕೆ ನನ್ನ ಕಂಪನಿ
ಊಟದ ತಟ್ಟೆಯಷ್ಟು ಅಗಲದಲ್ಲಿ ಬಂದು ಕೂರುತ್ತದೆ.
ದುರ್ಗಿಗುಡಿ, ಎರಡನೇ ಮಹಡಿ, ಕೆಳಗೆ ಕನ್ನಡಕದ ಅಂಗಡಿ.
ಹನ್ನೆರಡು ಚೌಕ, ಹನ್ನೆರಡು ಮುಖ,
ಎಲ್ಲರೂ ಎದೆಯಿಂದ ಮೇಲೆ.
ನಾನೂ ಅಷ್ಟೇ: ಮೇಲೆ ಇಸ್ತ್ರಿ ಮಾಡಿದ ಕುರ್ತಾ, ಸಿಇಒ ಗಾಂಭೀರ್ಯ,
ಮೇಜಿನಡಿ ಉಪ್ಪುನೀರಿನ ಬಕೆಟ್ಟಿನಲ್ಲಿ
ಊದಿದ ಎರಡು ಪಾದ.

‘ಕೇಳಿಸ್ತಿದೆಯಾ?’ ಅನ್ನುವುದೇ ನಮ್ಮ ನಮಸ್ಕಾರ.
ಕೇಳಿಸುತ್ತದೆ. ಕಾಣಿಸುತ್ತದೆ.
ಮಾಚೇನಹಳ್ಳಿಯ ಶೆಡ್ಡಿನಿಂದ ನಸೀಮಾ
ಲೇತಿನಿಂದ ಆಗಷ್ಟೇ ಇಳಿದ ವಾಲ್ವು ಎತ್ತಿ ತೋರಿಸುತ್ತಾಳೆ.
ಬಿಸಿ ಮಾತ್ರ ಬರುವುದಿಲ್ಲ.

ರಾಜಕೋಟೆಯ ಜಯಂತಿಭಾಯಿ ಮೂರು ವರ್ಷದಿಂದ
ಪರದೆಯ ಎಡಮೂಲೆಯ ಬಾಡಿಗೆದಾರ.
ಎರಕದ ಕಬ್ಬಿಣ, ಕಿಲೋ ಲೆಕ್ಕ.
ಎಂಟಾಣೆ ಬಿಟ್ಟವನಲ್ಲ. ನಾನೂ ಬಿಟ್ಟವಳಲ್ಲ.
ಅವನ ಹಿಂದಿನ ಗೋಡೆಯ ಕ್ಯಾಲೆಂಡರೊಂದೇ
ತಿಂಗಳಿಗೊಂದು ಹಾಳೆ ಬಿಡುತ್ತಿತ್ತು.

ಕೊನೆಗೊಂದು ದಿನ ಹೊರಟೆ.
ಸೋಗಾನೆಯವರೆಗೆ ಹುಚ್ಚರಾಯಪ್ಪನ ಕಾರು,
ಆಮೇಲೆ ಸಣ್ಣ ವಿಮಾನ, ಆಮೇಲೆ ದೊಡ್ಡದು.
ಮಿಡಿ ಉಪ್ಪಿನಕಾಯಿಯ ಡಬ್ಬಿಯನ್ನು ತಪಾಸಣೆಯವನು
ಮುಚ್ಚಳ ತೆಗೆದು ಮೂಸಿ, ಪಕ್ಕದವನಿಗೂ ಮೂಸಿಸಿ,
ಬಿಡಲಿಲ್ಲ.
ಬರಿಗೈಯಲ್ಲಿ ಇಳಿದೆ.

ಕಾರ್ಖಾನೆಯ ಗೇಟಿಗೆ ಅವನೇ ಬಂದ, ಊರುಗೋಲೂರಿ.
ಎಡಗಾಲು ಮಂಡಿಯಿಂದಾಚೆ ಇರಲಿಲ್ಲ.
ಮೂರು ವರ್ಷ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ;
ಎದೆಯಿಂದ ಕೆಳಗಿನದಕ್ಕೆ
ನಮ್ಮ ಕರಾರಿನಲ್ಲಿ ಕಲಮೇ ಇರಲಿಲ್ಲ.
ಅವನೂ ನನ್ನನ್ನು ಮೇಲಿಂದ ಕೆಳಗೆ ನೋಡಿ
‘ಅರೆ, ಇಷ್ಟು ಕುಳ್ಳಗಾ!’ ಎಂದು
ಗೇಟಿನ ಕಾವಲುಗಾರನೂ ತಿರುಗಿ ನೋಡುವಷ್ಟು ನಕ್ಕ.

ಚಹಾವನ್ನು ಬಸಿಗೆ ಸುರಿದು ಆರಿಸಿಕೊಟ್ಟ.
ಕರಗಿದ ಕಬ್ಬಿಣದ ಕುಂಡ ಜಾರಿದ ರಾತ್ರಿಯ ಕಥೆ ಹೇಳಿದ,
ಅಂದು ತನ್ನನ್ನು ಎಳೆದು ಹಾಕಿದ ಹುಡುಗನ ಹೆಸರು ಹೇಳಿದ.
ದರದ ಸುದ್ದಿ ಎತ್ತಲಿಲ್ಲ.
ಎಂಟಾಣೆ ಇಳಿಸಿದನೇ ಎಂದು ಕೇಳಬೇಡಿ.
ಮುಂದಿನ ತಿಂಗಳು ನಾಲ್ಕಾಣೆ ಏರಿಸಿದ.
ಸಹಿ ಹಾಕಿದೆ.

ಮಾಘದಲ್ಲಿ ಅವನು ಹೇಳದೆ ಕೇಳದೆ ಶಿವಮೊಗ್ಗಕ್ಕೆ ಬಂದ.
ನಾನು ನಾಸಿಕದಲ್ಲಿ, ಇನ್ಯಾರದೋ ಗೇಟಿನಲ್ಲಿ.
ಹುಚ್ಚರಾಯಪ್ಪನಿಗೆ ಹಿಂದಿ ಬಾರದು, ಅವನಿಗೆ ಕನ್ನಡ.
ಇಬ್ಬರೂ ಸೇರಿ ಇಡೀ ದಿನ ಎಲ್ಲಿ ಕಳೆದರೋ.
ನಾನು ಬಂದಾಗ ಅತಿಥಿ ಹೊರಟಾಗಿತ್ತು,
ಡ್ರೈವರು ಬೆನ್ನುನೋವೆಂದು ಮೂರು ದಿನ ರಜೆ ಕೇಳಿದ.
ಕಾರಣ ಹೇಳಲಿಲ್ಲ.
ಕಾರಣ ಪರದೆಯ ಎಡಮೂಲೆಯಿಂದ ಬಂತು:
ಕೂಡ್ಲಿಯ ಮೆಟ್ಟಿಲಲ್ಲಿ ಅವನನ್ನು ಕೂಸುಮರಿ ಹೊತ್ತು
ಎರಡು ಹೊಳೆ ಒಂದಾಗುವ ನೀರಿನವರೆಗೆ ಇಳಿಸಿ,
ಒಂದು ಕಾಲು ನೆನೆಸಿ,
ಮತ್ತೆ ಹೊತ್ತು ತಂದನಂತೆ.

ಈಗ ಪ್ರತಿ ಸೋಮವಾರ ಲೆಕ್ಕಕ್ಕೆ ಮೊದಲು
‘ಹುಚ್ರಾಯ್ ಹೇಗಿದ್ದಾನೆ?’
ನಾನು ಲ್ಯಾಪ್‌ಟಾಪನ್ನು ಕಿಟಕಿಗೆ ತಿರುಗಿಸುತ್ತೇನೆ.
ಕೆಳಗೆ ಅವನು ಕಾರಿನ ಗಾಜು ಒರೆಸುತ್ತಾ
ಮೇಲೆ ನೋಡುವುದೂ ಇಲ್ಲ.

ಇವತ್ತು ನಗು ಮುಗಿದ ಮೇಲೆ ನಸೀಮಾ ಮೆಲ್ಲಗೆ ಕೇಳಿದಳು:
‘ರಾಜಕೋಟೆಗೆ ಹೋಗಿ ಬಂದ್ರಿ, ನಾಸಿಕಕ್ಕೂ ಹೋಗಿ ಬಂದ್ರಿ.
ಮೇಡಂ, ನಮ್ಮ ಶೆಡ್ಡಿಗೆ ಬಂದು ಎಷ್ಟು ದಿನ ಆಯ್ತು?’

ಹತ್ತೋ ಹನ್ನೊಂದೋ ಕಿಲೋಮೀಟರು.
ಬಕೆಟ್ಟಿನ ನೀರು ಆರಿಹೋಗಿತ್ತು.
ಹನ್ನೆರಡು ಜನಕ್ಕೂ ಈಗ ಕಾಣುತ್ತಿರುವುದು ಖಾಲಿ ಕುರ್ಚಿ.
ನಾನು ಮೇಜಿನಡಿ ಬಗ್ಗಿ
ಒದ್ದೆಗಾಲಲ್ಲಿ ಚಪ್ಪಲಿ ಹುಡುಕುತ್ತಿದ್ದೇನೆ.