ನುಚ್ಚಿನ ಗುರ್ತು

ಜಮಖಂಡಿ ಡಾಕ್ಟ್ರು ನನ್ನ ಬಲಗೈ ತಿರುವಿ ನೋಡಿ
'ರೊಟ್ಟಿ ಬಡಿಯೂದು ಬಿಡ್ರಿ' ಅಂದ್ರು,
ಉಸಿರಾಡೂದು ಬಿಡ್ರಿ ಅಂದಂಗ.
ಬನಹಟ್ಟಿ ಮುಟ್ಟೂತನಾ ಬಸ್ಸಿನ್ಯಾಗ
ಆ ಕೈ ತೊಡಿ ಮ್ಯಾಲ ಇಟ್ಕೊಂಡು ಕುಂತೆ,
ಯಾರದೋ ಕೂಸಿನ ಗತೆ.

ದೀಪಾವಳಿ ಬೋನಸ್ಸಿಗೆ ಕುಕ್ಕರ್ ಬಂತು.
ಬಿಳಿ ಮೈ, ಗಾಜಿನ ಮುಚ್ಚಳ, ಒಂದ ಗುಂಡಿ.
'ಸೀಟಿ ಹೊಡೀದ್ದು ಕುಕ್ಕರ್ ಹೆಂಗಾದೀತು?'
ಅತ್ತಿ ನೀಲಗಂಗವ್ವ ಅದಕ್ಕ ಬೆನ್ನು ಮಾಡಿ ಕುಂತ್ಲು.
'ಅನ್ನ ಉಂಡು ಯಾರರ ಮಗ್ಗ ನಡಸ್ಯಾರೇನು?'

ನಾ ಅದರ ಮರ್ಜಿ ಕಲತೆ.
ಪಾತ್ರಿ ತಳ ಒಣಾ ಅರಬಿಲೆ ಒರಸಬೇಕು, ಸೆರಗಿಲೆ ಅಲ್ಲ.
ಒಂದ ಅಕ್ಕಿಕಾಳು ತಳಕ್ಕ ಅಂಟಿದ್ರ ಸಾಕು,
ಒಂದ ಮಗ್ಗಲಾ ಹಸಿ, ಒಂದ ಮಗ್ಗಲಾ ಕರಕ.
ಸ್ಟೀಲ್ ಸೌಟು ತಾಗಿಸಬಾರದು;
ಸಂತ್ಯಾಗ ಕಟಗಿ ಹುಟ್ಟು ತಂದೆ.
ಕರೆಂಟ್ ಹೋದ್ರ ಓಣಿ ಮಗ್ಗ ಎಲ್ಲಾ ಒಮ್ಮೆಲೆ ಬಾಯಿ ಮುಚ್ಚತಾವು.
ಬಂದಾಗ ಅವನ್ನ ನಾವ ಹೋಗಿ ಎಬ್ಬಿಸಬೇಕು.
ಇದು ಹಂಗಲ್ಲ.
ಒತ್ತಿದ ಗುಂಡಿ ಒತ್ತಿದಂಗ ಹಿಡಕೊಂಡು ಕುಂತಿರತೈತಿ,
ಕರೆಂಟ್ ಬಂದ ಗಳಿಗಿಗೆ ಬಿಟ್ಟಲ್ಲಿಂದ ಕುದೀತೈತಿ.
ಆಮ್ಯಾಲ ಟಕ್.
ಮಗ್ಗದ ಗದ್ದಲದಾಗೂ ಆ ಟಕ್ ನನಗ ಕೇಳತೈತಿ.

ಒಂದು ಶನಿವಾರ ಪಾಳಿ ಮುಗಿಸಿ ಬಂದ್ರ
ಕಟ್ಟಿ ತುಂಬ ನೊರಿ, ಒಣಗಿ ಹಪ್ಪಳಾಗಿತ್ತು.
ಗುಂಡಿ ಒತ್ತಿದೆ. ದೀಪ ಇಲ್ಲ.
'ಯಾರು ಮುಟ್ಟಿದ್ರಿ?'
ಅತ್ತಿ ಮಾಡದಾಗಿನ ದೀಪದ ಎಣ್ಣಿ ನೋಡಕ್ಕೋತ ಕುಂತ್ಲು.

ಇಲಾಹಿ ಅದನ್ನ ಬೋರಲ ಹಾಕಿ ಮೂರು ಸ್ಕ್ರೂ ಬಿಚ್ಚಿದ.
ಬಿಲ್ಲಿ ತೆಗದ, ಉಸಕಿನ ಕಾಗದಲೆ ತಿಕ್ಕಿದ,
ಸುಟ್ಟ ಫ್ಯೂಜು ಉಗುರಿನ್ಯಾಗ ಹಿಡದು ತೋರಿಸಿದ:
ನಲವತ್ತು ರೂಪಾಯಿ.
ಸ್ಪ್ರಿಂಗಿನ ಸಂದ್ಯಾಗಿಂದ ಏನೋ ಕೆದರಿ
ಅಂಗೈ ಮ್ಯಾಲ ಇಟ್ಕೊಂಡು ನಕ್ಕ:
'ಅಕ್ಕಾ, ಇದು ಅಕ್ಕಿ ಅಲ್ಲ. ಜೋಳ.'

ರಾತ್ರಿ, ದೀಪ ಆರಿಸಿದ ಮ್ಯಾಲ,
ನಾನೇನೂ ಕೇಳಿರಲಿಲ್ಲ,
ಅತ್ತಿನ ಅಂದ್ಲು:
'ನುಚ್ಚು ನಾ ಇಟ್ಟದ್ದು ಸರೀನ ಇತ್ತು.
ಪಾತ್ರಿ ಸಣ್ಣದು.'
ಮಗ್ಗಲಾ ಹೊರಳಿ ಮಲಗಿದ್ಲು.

ಪಾತ್ರಿ ಒಳಗ ಗೆರಿ ಅದಾವು: ಎರಡು, ನಾಕು, ಆರು.
ಎಲ್ಲಾ ಅಕ್ಕಿಗೆ.
ಮಾಡಿದವ್ರು ಯಾವ ಊರಾವ್ರೋ,
ಜೋಳದ ನುಚ್ಚಿನ ಗೆರಿ ಹಾಕಿಲ್ಲ.
ಮರುದಿನ ನಾನು ಹಾಸಿನ್ಯಾಗಿನ ಒಂದು ಕೆಂಪು ದಾರ ತಂದು
ಹುಟ್ಟಿನ ಹಿಡಿಕಿಗೆ ಕಟ್ಟಿದೆ.
ಹುಟ್ಟು ನೆಟ್ಟಗ ನಿಂದ್ರಿಸಿ ಈ ದಾರದತನಾ ನೀರು,
ಮುಚ್ಚಳ ವಾರಿ, ಅಂತ ಗ್ವಾಡಿಗೆ ಹೇಳಿದಂಗ ಹೇಳಿದೆ.
ಯಾರೂ ಹೂಂ ಅನಲಿಲ್ಲ.

ನಿನ್ನೆ ಹುಟ್ಟು ತೊಳಿಯೂವಾಗ ನೋಡಿದೆ,
ದಾರ ಅರ್ಧ ಬೆರಳು ಕೆಳಗ ಬಂದೈತಿ.
ಜಾರಿದ್ದಲ್ಲ, ಬಿಚ್ಚಿ ಕಟ್ಟಿದ್ದು.
ಗಂಟು ನನ್ನದಲ್ಲ.
ಹಳೇ ಕೈಮಗ್ಗದ ಗಂಟು,
ಎಳದಷ್ಟೂ ಬಿಗಿ.